ಉಪ್ಪು ಹದವಾಗಿತ್ತು

ಕಸದ ಚೀಲಕ್ಕೆ ಈ ಊರಿನಲ್ಲಿ ಯಾರೂ ಗಂಟು ಹಾಕುವುದಿಲ್ಲ. ಬಾಯಿ ತೆರೆದೇ ಬಿಸಾಕುತ್ತಾರೆ. ಎತ್ತುವಾಗ ಅರ್ಧ ಗಾಡಿಗೆ, ಅರ್ಧ ನಮ್ಮ ಕಾಲ ಮೇಲೆ. ಹದಿನೆಂಟು ವರ್ಷದಿಂದ ಎತ್ತುತ್ತಿದ್ದೇನೆ. ಗಂಟು ಹಾಕಿದ್ದಾರೆ ಎಂದರೆ ಒಳಗೆ ಯಾರಿಗೂ ಕಾಣಬಾರದ್ದು ಏನೋ ಇದೆ ಎಂದೇ ಅರ್ಥ. ಸಮುದಾಯ ಭವನದ ಹಿತ್ತಲಿನಲ್ಲಿ ಆ ಮಧ್ಯಾಹ್ನ ನನಗೆ ಸಿಕ್ಕಿದ ಚೀಲಕ್ಕೆ ಒಂದಲ್ಲ, ಎರಡು ಗಂಟು ಬಿದ್ದಿತ್ತು.

ಒಳಗೆ ಏನಿತ್ತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಗ್ಗಟ್ಟಿನ ವಿಷಯ.

ನಮ್ಮೂರಿಗೆ ಒಗ್ಗಟ್ಟು ವರ್ಷಕ್ಕೊಂದು ಸಲ ಬರುತ್ತದೆ. ರಜೆ ನೋಡಿಕೊಂಡು ಭಾನುವಾರವೇ ಬರುತ್ತದೆ. ನಾಲ್ಕು ವರ್ಷದ ಕೆಳಗೆ ದೊಡ್ಡ ಬೀದಿಯಲ್ಲಿ ಯಾರ ಮೆರವಣಿಗೆ ಯಾರ ಬಾಗಿಲ ಮುಂದೆ ಹೋಗಬೇಕು ಅಂತ ಕಲ್ಲು ತೂರಾಡಿಕೊಂಡರು. ಅಂಗಡಿಗಳ ಗಾಜು ಒಡೆಯಿತು. ಚೂರು ಗುಡಿಸಿದವರು ನಾವು. ನನ್ನ ಎಡ ಅಂಗಾಲಿನಲ್ಲಿ ಒಂದು ಚೂರು ಇನ್ನೂ ಇದೆ, ಚಳಿ ಬಿದ್ದರೆ ಚುರ್ರೆನ್ನುತ್ತದೆ. ಅದಾದ ಮೇಲೆ ದೊಡ್ಡವರೆಲ್ಲ ಕೂತು ಮಾತಾಡಿ ‘ಒಗ್ಗಟ್ಟಿನ ಊಟದ ಸಮಿತಿ’ ಮಾಡಿದರು. ಎಲ್ಲ ಧರ್ಮದವರೂ ಒಂದೊಂದು ಪಾತ್ರೆ ಅಡುಗೆ ತರಬೇಕು, ಒಂದೇ ಮೇಜಿನ ಮೇಲೆ ಇಡಬೇಕು, ಎಲ್ಲರೂ ಎಲ್ಲರದ್ದನ್ನೂ ತಿನ್ನಬೇಕು. ಒಳ್ಳೆಯದೇ. ಕಲ್ಲಿಗಿಂತ ಅನ್ನ ಒಳ್ಳೆಯದಲ್ಲ ಅಂತ ಯಾರು ಹೇಳುತ್ತಾರೆ?

ಸಮಿತಿಗೆ ಮೂರು ಜನ ಮುಖ್ಯಸ್ಥರು. ಅಧ್ಯಕ್ಷರು ರಿಟೈರಾದ ಹೆಡ್ ಮೇಷ್ಟ್ರು. ಕಾರ್ಯದರ್ಶಿ ಔಷಧಿ ಅಂಗಡಿಯವರು. ಊಟದ ಉಸ್ತುವಾರಿ ಬೇಕರಿಯಮ್ಮನದು. ಮೇಷ್ಟ್ರ ದೇವರು ಬೇರೆ, ಔಷಧಿ ಅಂಗಡಿಯವರ ದೇವರು ಬೇರೆ, ಬೇಕರಿಯಮ್ಮನ ದೇವರು ಬೇರೆ. ಮೂವರ ಕಸವೂ ನಾವೇ ಎತ್ತುವುದರಿಂದ ನಮಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೂರು ವರ್ಷ ಆ ಊಟಕ್ಕೆ ನಾನು ಪಾತ್ರೆ ತೊಳೆದೆ, ನಮ್ಮತ್ತೆ ಹಿತ್ತಲಿನಲ್ಲಿ ಕಸ ಬೇರೆ ಮಾಡಿದಳು. ಹಸಿ ಕಸ ಒಂದು ಕಡೆ, ಪೇಪರ್ ತಟ್ಟೆ ಒಂದು ಕಡೆ. ನಮ್ಮತ್ತೆ ನಲವತ್ತು ವರ್ಷ ಇದೇ ಕೆಲಸ ಮಾಡಿದವಳು. ಯಾವ ಮನೆಯಲ್ಲಿ ಏನು ಉಂಡರು, ಯಾರ ಮನೆಯಲ್ಲಿ ಮುನಿಸಿಕೊಂಡು ಉಪವಾಸ ಮಲಗಿದರು, ಎಲ್ಲ ಬುಟ್ಟಿ ನೋಡಿಯೇ ಹೇಳುತ್ತಾಳೆ. ಊಟ ಹೇಗಿತ್ತು ಅಂತ ಅವಳು ಉಂಡವರನ್ನು ಕೇಳುವುದಿಲ್ಲ. "ಬುಟ್ಟಿ ನೋಡ್ಕೊಂಡು ಬಾ" ಅನ್ನುತ್ತಾಳೆ. ಅವಳಿಗೊಂದು ಆಸೆ ಇತ್ತು. ನಲವತ್ತು ವರ್ಷ ಊರಿನ ಎಂಜಲು ಎತ್ತಿದ್ದೇನೆ, ಸಾಯುವುದರೊಳಗೆ ಈ ಊರು ನನ್ನ ಕೈಯ ಒಂದು ತುತ್ತು ತಿನ್ನಲಿ. ಅಷ್ಟೇ. ಇದಕ್ಕಿಂತ ದೊಡ್ಡದೇನನ್ನೂ ಆ ಮುದುಕಿ ಯಾವತ್ತೂ ಕೇಳಿದವಳಲ್ಲ.

ಈ ವರ್ಷ ಮೇಷ್ಟ್ರು ತಾವಾಗಿಯೇ ನಮ್ಮ ಓಣಿಯ ಬಾಯಿಗೆ ಬಂದರು. ಒಳಗೆ ಬರಲಿಲ್ಲ, ಸ್ಕೂಟರ್ ನಿಲ್ಲಿಸಲು ಜಾಗ ಇಲ್ಲವಂತೆ.

"ನೋಡಮ್ಮಾ, ಈ ಸಲ ನಿಮ್ಮ ಓಣಿಯಿಂದಲೂ ಒಂದು ಪಾತ್ರೆ ಬರಲಿ ಅಂತ ಸಮಿತಿ ತೀರ್ಮಾನ ಮಾಡಿದೆ. ಯಾರನ್ನೂ ಬಿಡಬಾರದು, ಏನಂತೀಯ?"

"ಆಗ್ಲಿ ಸಾರ್. ಪಾತ್ರೆ ತೊಳೆಯೋದು ಯಾರು ಹಾಗಾದ್ರೆ?"

"ಅದು ನೀನೇ ಅಲ್ವಾ?" ಅಂದರು. ನಾನು ಚೇಷ್ಟೆಗೆ ಕೇಳಿದ್ದೆ, ಅವರು ನಿಜವಾಗಿಯೂ ಉತ್ತರ ಕೊಟ್ಟರು.

ಒಂದು ಫಾರಂ ತೆಗೆದರು. ಧರ್ಮ ಯಾವುದು ಬರೀಲಿ ಅಂತ ಕೇಳಿದರು. ನಮ್ಮ ಓಣಿಯಲ್ಲಿ ಮೂರೂ ದೇವರ ಜನ ಇದ್ದೇವೆ ಸಾರ್, ಇಪ್ಪತ್ತೆರಡು ಮನೆ, ಒಂದೇ ನಲ್ಲಿ ಅಂದೆ. ಮೇಷ್ಟ್ರು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ‘ಸ್ವಚ್ಛತಾ ವಿಭಾಗ’ ಅಂತ ಬರೆದುಕೊಂಡರು. ಹೀಗೆ ನಮಗೆ ನಾಲ್ಕನೇ ಧರ್ಮ ಸಿಕ್ಕಿತು.

ಜೊತೆಗೊಂದು ಅಚ್ಚು ಹಾಕಿಸಿದ ಹಾಳೆ ಕೊಟ್ಟರು. ಅತ್ತೆ ಅದನ್ನು ನನ್ನ ಕೈಯಲ್ಲಿ ಮೂರು ಸಲ ಓದಿಸಿದಳು. ಅಡುಗೆಗೆ ಮೊದಲು ಸ್ನಾನ ಮಾಡಿರಬೇಕು. ತಲೆ ಮುಚ್ಚಿರಬೇಕು. ಕೈಗೆ ಗ್ಲೌಸ್ ಹಾಕಿರಬೇಕು. ಒಬ್ಬರೇ ಅಡುಗೆ ಮಾಡಬೇಕು, ಬೇರೆಯವರ ಕೈ ತಾಗಕೂಡದು. ಅಡುಗೆ ಮಾಡುವಾಗ ಯಾರೂ ರುಚಿ ನೋಡಕೂಡದು. ಮಾರನೇ ದಿನ ಬೇಕರಿಯ ಹಿಂದೆ ಕಸ ಎತ್ತುವಾಗ ನಾನು ಬೇಕರಿಯಮ್ಮನನ್ನು ಕೇಳಿದೆ, "ಅಮ್ಮಾ, ನಿಮ್ಗೂ ಈ ಹಾಳೆ ಕೊಟ್ರಾ?"

ಆಕೆಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಮಗ್ಯಾಕಮ್ಮಾ?"

ಇಲ್ಲಿ ಉಪ್ಪಕ್ಕನ ವಿಷಯ ಹೇಳಲೇಬೇಕು. ಅವಳು ನಮ್ಮ ಪಕ್ಕದ ಮನೆಯವಳು. ಅವಳ ದೇವರು ಬೇರೆ, ನಮ್ಮ ದೇವರು ಬೇರೆ, ಗೋಡೆ ಮಾತ್ರ ಒಂದೇ. ಓಣಿಯಲ್ಲಿ ಯಾರ ಮನೆಯಲ್ಲಿ ದೊಡ್ಡ ಪಾತ್ರೆ ಒಲೆಗೇರಿದರೂ ಉಪ್ಪು ಹಾಕುವವಳು ಅವಳೇ. ಸೌಟಿನಲ್ಲಿ ಒಂದಿಷ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಾಳೆ. ಕಣ್ಣು ಮುಚ್ಚುತ್ತಾಳೆ. ಒಂದು ಹಿಡಿ. ಇನ್ನೊಂದು ಚೂರು. "ಸಾಕು, ಇಳಿಸಿ." ಅವಳ ಅಂದಾಜು ಇವತ್ತಿನವರೆಗೆ ತಪ್ಪಿಲ್ಲ. ಅವಳ ಮನೆಯ ಮದುವೆಗೂ ಅವಳೇ ಹಾಕಿದಳು, ನಮ್ಮ ಮಾವ ಸತ್ತ ಮನೆಯ ಊಟಕ್ಕೂ ಅವಳೇ ಹಾಕಿದಳು. ಇದಕ್ಕೆ ನಾವು ಸಮಿತಿ ಗಿಮಿತಿ ಏನೂ ಮಾಡಿಕೊಂಡಿರಲಿಲ್ಲ. ಫಾರಂ ಕೂಡ ಇರಲಿಲ್ಲ.

ಆ ಭಾನುವಾರ ಬೆಳಕು ಹರಿಯುವ ಮೊದಲೇ ನಾನು ಭವನಕ್ಕೆ ಹೋಗಿದ್ದೆ; ಬೀದಿ ಕಸದ ಜೊತೆಗೆ ಅಲ್ಲಿನ ಪಾತ್ರೆ ತೊಳೆಯುವ ಕೆಲಸವೂ ನನ್ನದೇ. ಹಿಂದಿನ ದಿನದ ಮದುವೆಯ ಪಾತ್ರೆಗಳು ರಾಶಿ ಬಿದ್ದಿದ್ದವು. ತಳ ಹಿಡಿದ ಹಂಡೆಯೊಳಗೆ ಸೊಂಟದವರೆಗೆ ಬಗ್ಗಿ ಉಜ್ಜಬೇಕು. ಉಗುರು ಸಂದಿಗೆ ಸೋಪಿನ ನೀರು ಹೋಗಿ ಬೆರಳು ಬೆಳ್ಳಗೆ ಸುಕ್ಕಾಗಿತ್ತು. ಒಂದು ಜೊತೆ ರಬ್ಬರ್ ಗ್ಲೌಸ್ ಕೊಡಿ ಅಂತ ಒಂದು ವರ್ಷದಿಂದ ಕೇಳುತ್ತಿದ್ದೆ. ಆವತ್ತು ಕೊಟ್ಟರು. ಫೋಟೋದವರು ಬರುತ್ತಾರೆ ಅಂತ.

ಮನೆಯಲ್ಲಿ ಅತ್ತೆ ನಾಲ್ಕು ಗಂಟೆಗೆ ಎದ್ದು ಸ್ನಾನ ಮಾಡಿ, ತಲೆಗೆ ಬಟ್ಟೆ ಕಟ್ಟಿ, ಕೈಗೆ ಪ್ಲಾಸ್ಟಿಕ್ ಕವರ್ ಸಿಕ್ಕಿಸಿಕೊಂಡು ಒಲೆ ಹಚ್ಚಿದ್ದಳಂತೆ. ಕಾಳು ಬೇಯಿಸಿ, ಸೊಪ್ಪು ಹಾಕಿ, ಈರುಳ್ಳಿ ಹುರಿದು, ಒಂದು ದೊಡ್ಡ ಪಾತ್ರೆ ತುಂಬ ಸಾರು. ಉಪ್ಪಕ್ಕ ಎಂದಿನಂತೆ ಬಂದಳು. ಅತ್ತೆ ಹೊಸ್ತಿಲಲ್ಲೇ ತಡೆದಳು. "ನಿಂತ್ಕೊಳೇ, ಒಳಗೆ ಬರ್ಬೇಡ. ಹಾಳೇಲಿ ಬರ್ದಿದಾರೆ. ಬೇರೆಯವರ ಕೈ ತಾಗ್ಬಾರ್ದಂತೆ."

"ನಾನು ಯಾವಾಗಿಂದ ಬೇರೆಯವಳಾದೆ?" ಅಂತ ಉಪ್ಪಕ್ಕ ಕೇಳಿದಳಂತೆ. ಮುಖ ಊದಿಸಿಕೊಂಡು ಹೋದಳು. ಹೋದರೂ ಗಂಡನನ್ನು ಕಳಿಸಿದಳು. ಅವನೂ ನನ್ನ ಗಂಡನೂ ಪಾತ್ರೆಯ ಎರಡು ಹಿಡಿ ಹಿಡಿದುಕೊಂಡು ಒಂದು ಹನಿ ತುಳುಕದಂತೆ ಭವನಕ್ಕೆ ತಂದಿಟ್ಟರು.

ಮೇಜಿನ ಮೇಲೆ ಪ್ರತಿ ಪಾತ್ರೆಗೂ ಒಂದು ಚೀಟಿ. ಯಾವ ದೇವರ ಮನೆಯಿಂದ ಬಂದದ್ದು ಅಂತ. ನಮ್ಮದು ಕೊನೆಯ ಪಾತ್ರೆ. ‘ಸ್ವಚ್ಛತಾ ವಿಭಾಗ.’ ಅತ್ತೆಯನ್ನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿದರು. ನನ್ನ ಮದುವೆಗೆ ಕೊಂಡಿದ್ದ ಬಟ್ಟೆ ಉಟ್ಟಿದ್ದಳು. ಪೆಟ್ಟಿಗೆಯ ಮಡಿಕೆ ಬೆನ್ನ ಮೇಲೆ ಹಾಗೇ ಕಾಣುತ್ತಿತ್ತು. ತನ್ನ ಸಾರು ತಾನು ಹಾಕಿಸಿಕೊಳ್ಳಲಿಲ್ಲ. ಬಂದವರಿಗೆ ಕಮ್ಮಿ ಬಿದ್ದರೆ ಅಂತ.

ನಾನು ಒಳಗೆ ಸಿಂಕಿನ ಮುಂದೆ ಇದ್ದೆ. ಊಟ ನನಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ನಗು, ಚಮಚದ ಸದ್ದು, ಮೈಕಿನಲ್ಲಿ ಮೇಷ್ಟ್ರ ಗಂಟಲು. ಲೋಟದ ಬುಟ್ಟಿ ತರಲು ನಾನು ಮುಂಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಗ್ಲೌಸ್ ಮಾಯವಾಗಿತ್ತು. ಹುಡುಕುತ್ತಿದ್ದೆ. ಅಷ್ಟರಲ್ಲಿ ಬೇಕರಿಯಮ್ಮ ಹಿತ್ತಲ ಕಡೆಯಿಂದ ನಮ್ಮ ಪಾತ್ರೆಯನ್ನು ತಾನೇ ಎತ್ತಿಕೊಂಡು ಬಂದು ಸಿಂಕಿನ ಪಕ್ಕ ಇಟ್ಟಳು. ಖಾಲಿ. "ಸೂಪರ್ ಆಗಿತ್ತಮ್ಮಾ! ಕ್ಷಣದಲ್ಲಿ ಖಾಲಿ!" ಅಂದಳು. ಮೂರು ವರ್ಷದಲ್ಲಿ ಆಕೆ ಒಂದು ಲೋಟವನ್ನೂ ಸಿಂಕಿನವರೆಗೆ ತಂದವಳಲ್ಲ.

ಮೈಕಿನಲ್ಲಿ ಔಷಧಿ ಅಂಗಡಿಯವರ ದನಿ ಬಂತು. "ಬಂಧುಗಳೇ, ಇವತ್ತು ಮೊದಲು ಖಾಲಿಯಾದ ಪಾತ್ರೆ ಯಾವುದು ಗೊತ್ತಾ? ಸ್ವಚ್ಛತಾ ವಿಭಾಗದ್ದು!" ಚಪ್ಪಾಳೆಯೋ ಚಪ್ಪಾಳೆ.

ಅತ್ತೆ ಅಡುಗೆಮನೆಗೆ ಓಡಿ ಬಂದಳು. ಎಪ್ಪತ್ತರ ಮುದುಕಿ, ಮಂಡಿ ನೋವಿನವಳು, ಓಡಿ ಬಂದಳು. ಕಣ್ಣಲ್ಲಿ ನೀರು.

"ಕೇಳಿದ್ಯೇನೇ? ಖಾಲಿ ಅಂತೆ! ಎಲ್ಲಾರೂ ತಿಂದ್ರಂತೆ!"

"ಕೇಳ್ದೆ ಅತ್ತೆ."

"ಹೋಗಿ ಬುಟ್ಟಿ ನೋಡ್ಕೊಂಡು ಬಾ. ತಟ್ಟೆಯಲ್ಲಿ ಒಂದು ಕಾಳಾದ್ರೂ ಬಿಟ್ಟಿದಾರಾ ನೋಡು."

ಹಿತ್ತಲಿಗೆ ಹೋದೆ. ನಲ್ಲಿಯ ಮೇಲೆ ನನ್ನ ಗ್ಲೌಸ್ ಒದ್ದೆಯಾಗಿ ನೇತಾಡುತ್ತಿತ್ತು. ಗೋಡೆಯ ಮೂಲೆಯಲ್ಲಿ ಕಪ್ಪು ಚೀಲ. ಎರಡು ಗಂಟು.

ಬಿಚ್ಚಿದೆ. ಮೇಲೆ ಪೇಪರ್ ತಟ್ಟೆಗಳನ್ನು ಒಪ್ಪವಾಗಿ ಜೋಡಿಸಿ ಮುಚ್ಚಿದ್ದರು. ಅದರ ಕೆಳಗೆ ಸಾರು. ಇನ್ನೂ ಬೆಚ್ಚಗಿತ್ತು. ಇಡೀ ಪಾತ್ರೆಯದ್ದು. ಕಾಳು, ಸೊಪ್ಪು, ಈರುಳ್ಳಿ, ನಮ್ಮತ್ತೆಯ ನಾಲ್ಕು ಗಂಟೆಯ ಸ್ನಾನ, ಎಲ್ಲ.

ಮುಚ್ಚಿಬಿಡೋಣ, ಅವಳಿಗೆ ಕಾಣದಿರಲಿ ಅಂತ ಮತ್ತೆ ಗಂಟು ಹಾಕಲು ಹೋದೆ. ಆ ಗಂಟು ಅವರೂ ಹೀಗೇ ಹಾಕಿದ್ದರಲ್ಲ ಅಂತ ಹೊಳೆದು ಕೈ ನಿಂತಿತು. ಹಿಂದೆ ಅತ್ತೆ ನಿಂತಿದ್ದಳು. ಬುಟ್ಟಿ ನೋಡುವ ಚಾಳಿ, ತಡೆದುಕೊಳ್ಳುವುದಕ್ಕೆ ಆಗಿರಲಿಲ್ಲ.

ಅವಳು ಅಲ್ಲಿಂದಲೇ ತಿರುಗಿದಳು. ಒಳಗೆ ಹೋದಳು. ತೊಳೆಯದ ಪಾತ್ರೆಯ ತಳದಲ್ಲಿ ಅಂಟಿದ್ದನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡಳು. ಮುಖ ಒಮ್ಮೆಗೇ ಅರಳಿತು.

"ಅಯ್ಯೋ! ಉಪ್ಪೇ ಹಾಕಿಲ್ವಲ್ಲೇ ನಾನು! ಉಪ್ಪಕ್ಕ ಬಂದು ಹಾಕ್ತಾಳೆ ಅನ್ನೋ ಅಭ್ಯಾಸ ನೋಡು. ಅವಳನ್ನ ನಾನೇ ಬಾಗಿಲಲ್ಲಿ ನಿಲ್ಲಿಸಿದೆ, ರುಚೀನೂ ನೋಡ್ಬಾರ್ದು ಅಂದಿದ್ರು. ಪಾಪ, ಬಾಯಿಗಿಟ್ಟು ನೋಡಿರ್ತಾರೆ, ಸಪ್ಪೆ. ಏನ್ಮಾಡ್ತಾರೆ? ಚೆಲ್ಲಿದಾರೆ. ನನ್ನ ಮರ್ಯಾದೆ ಉಳಿಸೋಕೆ ಖಾಲಿ ಅಂತ ಹೇಳಿದಾರೆ. ಎಷ್ಟು ಒಳ್ಳೆಯವರು!"

ನನಗೆ ನಾಲಿಗೆಯ ತುದಿಯವರೆಗೆ ಬಂತು. ಬಾಯಿಗಿಟ್ಟು ನೋಡಿದ್ದರೆ ಒಂದು ತಟ್ಟೆಯಾದರೂ ಒದ್ದೆಯಾಗಿರಬೇಕಿತ್ತಲ್ಲ ಅತ್ತೆ? ಮೇಲೆ ಜೋಡಿಸಿದ್ದ ಒಂದೇ ಒಂದು ತಟ್ಟೆಗೂ ನಿನ್ನ ಸಾರು ತಾಗಿರಲಿಲ್ಲ. ಆದರೆ ಆ ಮುಖ ನೋಡಿ ಬಾಯಿ ಕಟ್ಟಿಹೋಯಿತು. ತಪ್ಪು ತನ್ನದೇ ಅಂತ ಗೊತ್ತಾದಾಗ ನಮ್ಮಂಥವರಿಗೆ ಆಗುವ ನೆಮ್ಮದಿ ಇದೆಯಲ್ಲ, ಅದರಷ್ಟು ಹೊಟ್ಟೆ ಉರಿಸುವಂಥದ್ದು ಇನ್ನೊಂದಿಲ್ಲ.

"ನಾನು ಅವರ ಹತ್ರ ಕ್ಷಮೆ ಕೇಳ್ಬೇಕು" ಅಂದಳು. ಅಷ್ಟರಲ್ಲಿ ಮೈಕಿನಲ್ಲಿ ಕರೆದರು.

ವೇದಿಕೆಯ ಮೇಲೆ ಅವಳಿಗೆ ಪ್ರಶಸ್ತಿ ಪತ್ರ ಕೊಟ್ಟರು. ‘ಮೊದಲು ಖಾಲಿಯಾದ ಪಾತ್ರೆ’ ಅಂತ ಅಚ್ಚು ಹಾಕಿಸಿ, ಅವಳ ಹೆಸರು ಬರೆಸಿ, ಫ್ರೇಮ್ ಹಾಕಿಸಿದ್ದರು. ಅಂದರೆ ಯಾರ ಪಾತ್ರೆ ಮೊದಲು ಖಾಲಿಯಾಗಬೇಕು ಅಂತ ಹಿಂದಿನ ದಿನವೇ ತೀರ್ಮಾನವಾಗಿತ್ತು. ಮೇಷ್ಟ್ರು ಮೈಕಿನಲ್ಲಿ ಅವಳನ್ನು ‘ನೀವು’ ಅಂದರು. ಕೆಳಗಿಳಿದರೆ ‘ನೀನು’, ಮೈಕಿನ ಮುಂದೆ ‘ನೀವು’. "ನೀವು ಎರಡು ಮಾತಾಡಿ ಅಜ್ಜಿ" ಅಂತ ಮೈಕ್ ಕೊಟ್ಟರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನು ಒಂದು ತಪ್ಪು ಮಾಡಿದೀನಿ. ಎಲ್ಲಾರೂ ಹೊಟ್ಟೆಗೆ ಹಾಕ್ಕೊಳ್ಳಿ. ಸಾರಿಗೆ ಉಪ್ಪು…"

"ಉಪ್ಪು ಹದವಾಗಿತ್ತು ಅಜ್ಜಿ!" ಮೇಷ್ಟ್ರು ಪಕ್ಕದಿಂದ ಬಗ್ಗಿ ಮೈಕಿಗೆ ಹೇಳಿದರು. "ಬೆರಳು ಚೀಪಿಕೊಂಡು ತಿಂದೆ ನಾನು!"

"ನಾನಂತೂ ಎರಡು ಸಲ ಹಾಕಿಸ್ಕೊಂಡೆ" ಅಂದರು ಔಷಧಿ ಅಂಗಡಿಯವರು.

"ಆ ಉಪ್ಪು ಖಾರ ಹೇಗೆ ಹಿಡಿದ್ರಿ ಅಂತ ನಂಗೂ ಹೇಳಿಕೊಡ್ಬೇಕು" ಅಂದಳು ಬೇಕರಿಯಮ್ಮ.

ಅತ್ತೆ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಬುಟ್ಟಿ ನೋಡುವ ಹಾಗೆ ನೋಡಿದಳು. ನಿಧಾನಕ್ಕೆ. ಕೆಳಗೆ ನಿಂತಿದ್ದ ನನಗೆ ಗೊತ್ತಾಯಿತು, ಅವಳಿಗೆ ಗೊತ್ತಾಯಿತು ಅಂತ.

"ನೀವೆಲ್ಲಾ ತಿಂದ್ರಾ?" ಅಂತ ಭವನದ ಕಡೆ ತಿರುಗಿ ಕೇಳಿದಳು. "ತಿಂದೋರು ಕೈ ಎತ್ತಿ."

ಒಂದು ಕೈ ಎದ್ದಿತು. ಆಮೇಲೆ ಹತ್ತು. ಆಮೇಲೆ ಇಡೀ ಭವನ. ಇನ್ನೂರು ಕೈ. ಎಲ್ಲ ದೇವರ ಕೈಗಳೂ ಇದ್ದವು. ಅಷ್ಟು ಒಗ್ಗಟ್ಟನ್ನು ನಾನು ಈ ಊರಿನಲ್ಲಿ ಯಾವತ್ತೂ ಕಂಡಿರಲಿಲ್ಲ.

"ಉಪ್ಪು ಸರಿಯಾಗಿತ್ತಾ?"

"ಸರಿಯಾಗಿತ್ತು!"

"ನಾನು ಉಪ್ಪೇ ಹಾಕಿರ್ಲಿಲ್ಲ" ಅಂದಳು ಅತ್ತೆ.

ಕೈಗಳು ಹಾಗೇ ಮೇಲೆ ನಿಂತವು. ಇಳಿಸಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅತ್ತೆ ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮೈಕನ್ನು ಮೇಷ್ಟ್ರ ಕೈಗೆ ಕೊಟ್ಟಳು. ಮೆಟ್ಟಿಲಿಳಿಯುವಾಗ ಮಂಡಿ ಹಿಡಿಯಿತು, ನಾನು ಹೋಗಿ ಕೈ ಕೊಟ್ಟೆ. "ನಡೀಯೇ ಮನೆಗೆ" ಅಂದಳು.

ನಮ್ಮ ಪಾತ್ರೆ ತರಲು ಹಿತ್ತಲ ಕಡೆ ಹೋದೆವು. ಮೇಷ್ಟ್ರು ಹಿಂದೆಯೇ ಬಂದರು, ಉಸಿರು ಬಿಡುತ್ತಾ. "ತಪ್ಪು ತಿಳ್ಕೋಬೇಡಮ್ಮಾ. ಬೇರೆಯವರ ಪಾತ್ರೆ ಎಲ್ಲಾ ಖಾಲಿಯಾಗಿ ನಿಮ್ಮದೊಂದೇ ಹಾಗೇ ಉಳಿದಿದ್ರೆ ನಿಮ್ಮ ಮನಸ್ಸಿಗೆ ಎಷ್ಟು ನೋವಾಗ್ತಿತ್ತು ಹೇಳು? ನಿಮಗೆ ಗೊತ್ತಾಗ್ಬಾರ್ದು ಅಂತಲೇ ಮುಚ್ಚಿ, ಗಂಟು ಹಾಕಿ…"

"ಗಂಟು ಬಿಚ್ಚೋರು ಯಾರು ಅಂತ ಮರ್ತು ಹೋಯ್ತಾ ಸಾರ್?" ಅಂದೆ.

ಸುಳ್ಳು ಹೇಳಬಾರದು, ಅವರು ನಿಜವಾಗಿಯೂ ಮರೆತಿದ್ದರು. ಇಡೀ ಸಮಿತಿ ಮರೆತಿತ್ತು. ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ, ಯಾರ ಕೈಮೇಲೆ ಹೋಗುತ್ತದೆ ಅಂತ ಈ ಊರಿನಲ್ಲಿ ಯಾರಿಗಾದರೂ ನೆನಪಿದ್ದರೆ ತಾನೆ!

ನಲ್ಲಿಯ ಮೇಲಿದ್ದ ಗ್ಲೌಸ್ ತೆಗೆದು ಅವರ ಕೈಗೆ ಕೊಟ್ಟೆ. "ಇಟ್ಕೊಳ್ಳಿ. ನಿಮ್ಮವರಿಗೆ ಅಳತೆ ಸರಿಯಾಗುತ್ತೆ. ಈ ಚೀಲ ನಾನು ಎತ್ತಲ್ಲ. ನಮ್ಮ ಓಣಿಯವರು ಯಾರೂ ಎತ್ತಲ್ಲ."

"ಹೀಗಂದ್ರೆ ಹೇಗಮ್ಮಾ? ಕೆಲಸ ಬೇಡ್ವಾ ನಿನಗೆ?"

ಬೇಕಿತ್ತು. ಯಾಕೆ ಬೇಡ? ಆದರೆ ಬಾಯಿಂದ ಬಂದದ್ದು ಹಾಗೇ ಇರಲಿ ಅಂತ ಬಿಟ್ಟೆ.

ಬಿಸಿಲಿನ ಕಾಲ. ಎರಡನೇ ದಿನಕ್ಕೆ ಭವನದ ಹಿತ್ತಲು ಬೀದಿಯವರೆಗೆ ನಾರಿತು. ಮೂರನೇ ದಿನ ಸಂಜೆಗೆ ಮದುವೆಯೊಂದು ಇತ್ತು, ಹೆಣ್ಣಿನ ಕಡೆಯವರು ಬೆಳಗ್ಗೆಯೇ ಬಂದು ಕೂಗಾಡಿದರು. ಬೇರೆ ಊರಿನಿಂದ ಆಳು ಕರೆಸಲು ನೋಡಿದರು, ಸಿಗಲಿಲ್ಲ. ಆ ದಿನ ಹನ್ನೊಂದು ಗಂಟೆಗೆ ಮೇಷ್ಟ್ರು, ಔಷಧಿ ಅಂಗಡಿಯವರು, ಬೇಕರಿಯಮ್ಮ ಮೂವರೂ ನಮ್ಮ ಓಣಿಗೆ ಬಂದರು. ಈ ಸಲ ಒಳಗೇ ಬಂದರು, ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕಿತ್ತು.

ಅತ್ತೆ ಒಲೆಯ ಮುಂದಿದ್ದಳು. ಅದೇ ಸಾರು. ಉಪ್ಪಕ್ಕ ಆಗಷ್ಟೇ ಅಂಗೈ ನೆಕ್ಕಿ, ಒಂದು ಹಿಡಿ ಹಾಕಿ, "ಸಾಕು, ಇಳಿಸಿ" ಅಂದಿದ್ದಳು. ಮೂರು ದಿನದ ಮುನಿಸು ಅಷ್ಟಕ್ಕೇ ಮುಗಿದಿತ್ತು.

"ಬನ್ನಿ, ಕೂತ್ಕೊಳ್ಳಿ" ಅಂದಳು ಅತ್ತೆ. "ಮೊದಲು ಊಟ ಮಾಡಿ. ಆಮೇಲೆ ಮಾತು. ಇಲ್ಲಿ ಉಂಡು ಹೋದ್ರೆ ಈಗಲೇ ಬಂದು ಚೀಲ ಎತ್ತುತ್ತೀನಿ, ನನ್ನ ಕೈಯಾರೆ."

ಅವಳು ಮೂರು ತಟ್ಟೆ ತೊಳೆದು ಇಟ್ಟಳು. ಇನ್ನೂ ಆಸೆ ಇತ್ತೇನೋ ಮುದುಕಿಗೆ. ನನಗೂ ಇತ್ತು, ಸುಳ್ಳು ಯಾಕೆ? ಒಂದು ತುತ್ತು ತಿಂದಿದ್ದರೆ ಸಾಕಿತ್ತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರಿಗೆ ಆವತ್ತು ಉಪವಾಸ. ಬೇಕರಿಯಮ್ಮ ಈಗಷ್ಟೇ ತಿಂಡಿ ತಿಂದು ಬಂದಿದ್ದಳು.

"ನನಗೆ ಬಿಪಿ ಅಜ್ಜಿ" ಅಂದರು ಔಷಧಿ ಅಂಗಡಿಯವರು. "ಡಾಕ್ಟ್ರು ಉಪ್ಪು ಮುಟ್ಟಲೇಬಾರ್ದು ಅಂದಿದಾರೆ."

"ಅಯ್ಯೋ ಸ್ವಾಮಿ" ಅಂದಳು ಅತ್ತೆ. "ಹಾಗಾದ್ರೆ ಮೊನ್ನೆದು ನಿಮಗೋಸ್ಕರಾನೇ ಮಾಡಿದ ಹಾಗಿತ್ತಲ್ಲ. ಎರಡು ಸಲ ಬೇರೆ ಹಾಕಿಸ್ಕೊಂಡ್ರಿ."

ಉಪ್ಪಕ್ಕ ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡು ನಕ್ಕಳು. ನಾನು ಯಾವುದನ್ನೂ ಅಡ್ಡ ಹಿಡಿಯದೆ ನಕ್ಕೆ. ಅತ್ತೆ ನಗಲಿಲ್ಲ. ಮೂರು ತಟ್ಟೆಗಳನ್ನೂ ಒಂದರ ಮೇಲೊಂದು ಜೋಡಿಸಿ ಒಳಗಿಟ್ಟಳು. "ಹೋಗ್ಬನ್ನಿ" ಅಂದಳು.

ಮಧ್ಯಾಹ್ನ ಭವನದ ಗೇಟಿನ ಎದುರು, ಸಾರು ನೋಡಿಕೊಳ್ಳಲು ಉಳಿದ ಉಪ್ಪಕ್ಕನೊಬ್ಬಳನ್ನು ಬಿಟ್ಟು, ನಮ್ಮ ಓಣಿಗೆ ಓಣಿಯೇ ನಿಂತಿತ್ತು. ಮದುವೆಯವರು ಬರುವ ಹೊತ್ತಾಗಿತ್ತು. ಮೂವರೂ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹಿತ್ತಲಿನಿಂದ ಬಂದರು. ನಡುವೆ ಕಪ್ಪು ಚೀಲ. ಒಂದು ಮೂಲೆ ಮೇಷ್ಟ್ರ ಕೈಯಲ್ಲಿ, ಒಂದು ಮೂಲೆ ಔಷಧಿ ಅಂಗಡಿಯವರ ಕೈಯಲ್ಲಿ, ಚೀಲದ ಬಾಯಿ ಬೇಕರಿಯಮ್ಮನ ಕೈಯಲ್ಲಿ. ಇದ್ದ ಒಂದು ಜೊತೆ ಗ್ಲೌಸಿನಲ್ಲಿ ಬಲಗೈಯದ್ದು ಒಬ್ಬರಿಗೆ, ಎಡಗೈಯದ್ದು ಒಬ್ಬರಿಗೆ. ನನ್ನ ಗಂಡನೂ ಉಪ್ಪಕ್ಕನ ಗಂಡನೂ ಹೆಜ್ಜೆ ಕೂಡಿಸಿ ಪಾತ್ರೆ ತಂದಿದ್ದರು. ಇವರಿಗೆ ಹೆಜ್ಜೆ ಕೂಡಲಿಲ್ಲ. ಒಬ್ಬರು ಎಳೆದರೆ ಒಬ್ಬರು ನಿಂತರು.

ಗೇಟಿನ ಹತ್ತಿರ ಚೀಲದ ತಳ ಕಿತ್ತುಹೋಯಿತು.

ಮೂರು ದಿನದ ಸಾರು. ಮೇಷ್ಟ್ರ ಬೂಟಿನ ಮೇಲೆ, ಔಷಧಿ ಅಂಗಡಿಯವರ ಪ್ಯಾಂಟಿನ ಮೇಲೆ, ಬೇಕರಿಯಮ್ಮನ ಹೊಸ ಚಪ್ಪಲಿಯ ಮೇಲೆ ಬಿತ್ತು. ಮೂವರೂ ಕಾಲೆತ್ತಿಕೊಂಡು ನಿಂತರು. ಗುಡಿಸುವವರು ಯಾರಾದರೂ ಇದ್ದಾರಾ ಅಂತ ಅಭ್ಯಾಸಬಲದಿಂದ ನಮ್ಮ ಕಡೆ ನೋಡಿದರು. ನಮ್ಮಲ್ಲಿ ಯಾರೂ ಕದಲಲಿಲ್ಲ.

ಭವನದ ಕೆಲಸ ನನಗೆ ಆವತ್ತಿಗೇ ಹೋಯಿತು. ಈಗ ಬೆಳಗಿನ ಬೀದಿ ಕಸ ಎತ್ತಿ ಮುಗಿಸಿ ದೂರದ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತೇನೆ, ಹೋಗಲು ಎರಡು ಬಸ್ಸು ಬದಲಾಯಿಸಬೇಕು. ಹೋದದ್ದಕ್ಕೆ ಸಂಕಟ ಇಲ್ಲ ಅಂತಲ್ಲ.

ಆದರೆ ಆವತ್ತು ಅತ್ತೆ ಗೇಟಿನ ಎದುರು ನಿಂತು ಆ ಆರು ಕಾಲುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು, "ಬಾರೇ ಹೋಗೋಣ. ಅಂತೂ ಮೂವರಿಗೂ ಸಮವಾಗಿ ಬಡಿಸಿದ ಹಾಗಾಯ್ತು. ಮನೇಲಿ ಸಾರು ಆರ್ತಾ ಇದೆ, ಉಪ್ಪಕ್ಕ ಕಾಯ್ತಿರ್ತಾಳೆ."